ನಲವತ್ತೊಂದನೇ ಕಲ್ಲು

ಬಿಲ್ಲಿಗೆ ಬಟನ್ ಒತ್ತಿದರೆ ಅದು ಪರದೆಯ ಮೇಲೆ ಬರುವಷ್ಟರಲ್ಲಿ ಗಿರಾಕಿ ಅರ್ಧ ಲೋಟದ ಒಂದು ಕಟಿಂಗ್ ಚಹಾ ಕುಡಿದು ಮುಗಿಸುತ್ತಿದ್ದರು. ಅಷ್ಟು ನಿಧಾನವಾಗಿತ್ತು ನಮ್ಮ ಕಂಪ್ಯೂಟರು. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಆ ಶೆಡ್ಡಿನಲ್ಲಿ ನಡೆಯುವುದು ಹೋಟೆಲುಗಳ ಗ್ರೈಂಡರ್ ರಿಪೇರಿ. ಮನೆಯವಲ್ಲ, ಒಂದು ಸಲಕ್ಕೆ ಇಪ್ಪತ್ತು ಕಿಲೋ ಅಕ್ಕಿ ಅರೆಯುವ ದೊಡ್ಡವು. ಥಾಣೆಯ ಕಂಪನಿಯಿಂದ ರಿಟೈರ್ ಆಗಿ ಮನೆಯಲ್ಲಿ ಕುಳಿತು ಬೇಸರ ಬಂದ ಮೇಲೆ ನಾನು ಅಲ್ಲಿ ವಾರಕ್ಕೆ ಮೂರು ದಿನ ಲೆಕ್ಕ ಬರೆಯಲು ಹೋಗತೊಡಗಿದೆ.

ಶೆಡ್ಡಿನ ಯಜಮಾನರು ಉಡುಪಿ ಕಡೆಯವರು, ಎಪ್ಪತ್ತು ದಾಟಿದ್ದಾರೆ. ಎಲ್ಲರೂ ಅವರನ್ನು ಅಣ್ಣ ಎನ್ನುತ್ತಾರೆ. ನಾನು ಅವರಿಗಿಂತ ಹನ್ನೆರಡು ವರ್ಷ ಚಿಕ್ಕವಳಾದರೂ ಅವರು ನನ್ನನ್ನು ಅಕ್ಕ ಎನ್ನುತ್ತಾರೆ. ಮೋಟರ್ ಬಿಚ್ಚುವುದು, ಬೆಲ್ಟ್ ಹಾಕುವುದು ಕೆಲಸದವರಿಗೆ ಬಿಟ್ಟದ್ದು. ನುಣುಪಾದ ಒರಳುಕಲ್ಲಿಗೆ ಉಳಿಯಿಂದ ಮತ್ತೆ ಕಚ್ಚು ಹಾಕುವುದನ್ನು ಮಾತ್ರ ಅವರು ಬಹಳ ವರ್ಷ ಬೇರೆಯವರ ಕೈಗೆ ಕೊಟ್ಟಿರಲಿಲ್ಲ. ಮಂಡಿ ನೋವು ಶುರುವಾದ ಮೇಲೆ ಅದನ್ನೂ ಬಿಟ್ಟುಕೊಡಬೇಕಾಯಿತು.

ಸಾಫ್ಟ್‌ವೇರಿನವರು ಬಂದು ನೋಡಿ, ಹಳೆಯದೆಲ್ಲ ತುಂಬಿಕೊಂಡಿದೆ, ಬೇಡದ್ದನ್ನು ತೆಗೆಯಿರಿ ಎಂದರು. ಕಾನೂನು ಕೇಳುವಷ್ಟು ವರ್ಷದ್ದನ್ನು ಇಟ್ಟುಕೊಂಡರೆ ಸಾಕು, ಉಳಿದದ್ದು ಹೋಗಲಿ ಎಂದು ನಮ್ಮ ಸಿಎ ಫೋನಿನಲ್ಲೇ ಒಪ್ಪಿಗೆ ಕೊಟ್ಟರು. ಅಳಿಸುವುದು ಮಾತ್ರ ಅಂದುಕೊಂಡಷ್ಟು ಸುಲಭವಿರಲಿಲ್ಲ. ಒಂದು ಹೆಸರಿನ ಕೆಳಗೆ ಒಂದೇ ಒಂದು ಎಂಟ್ರಿ ಉಳಿದಿದ್ದರೂ ಆ ಸಾಫ್ಟ್‌ವೇರು ಹೆಸರನ್ನು ಬಿಟ್ಟುಕೊಡುವುದಿಲ್ಲ. ಹಾಗಾಗಿ ಒಂದೊಂದನ್ನೂ ತೆರೆದು ನೋಡಬೇಕು. ನಾನು ಓದುವುದು, ಪಕ್ಕದ ಸ್ಟೂಲಿನಲ್ಲಿ ಕುಳಿತ ಅಣ್ಣ "ತೆಗೀರಿ" ಅಥವಾ "ಇರ್ಲಿ" ಎನ್ನುವುದು. ನಾಲ್ಕು ದಿನ ಹೀಗೇ ನಡೆಯಿತು.

ಅಣ್ಣ ರಿಪೇರಿಗೆ ಬಂದ ಪ್ರತಿ ಒರಳಿಗೂ ಒಂದು ನಂಬರ್ ಕೊಡುತ್ತಿದ್ದರು. ಅಂಚಿನ ಕೆಳಗೆ ಉಳಿಯಿಂದಲೇ ಕೆತ್ತುತ್ತಿದ್ದರು. ಲೆಕ್ಕದಲ್ಲೂ ಅದೇ ನಂಬರ್. ಐದನೇ ದಿನ ನಲವತ್ತೊಂದು ಎಂಬುದನ್ನು ತೆರೆದಾಗ ಪರದೆ ತುಂಬಿ ಕೆಳಗೆ ಇಳಿಯುತ್ತಲೇ ಹೋಯಿತು. ಮೊದಲ ಎಂಟ್ರಿ ಥಾಣೆಯ ನೌಪಾಡಾದ ಒಂದು ಹೋಟೆಲಿನದು. ಕಟ್ಟಡ ಕೆಡವಿ ಹೊಸದು ಕಟ್ಟಲು ಹೊರಟಾಗ ಆ ಹೋಟೆಲು ಮುಚ್ಚಿತು, ಯಂತ್ರ ಕಲ್ಯಾಣದ ಒಂದು ಕಾಲೇಜು ಕ್ಯಾಂಟೀನಿಗೆ ಹೋಯಿತು. ಅಲ್ಲಿಂದ ನವಿ ಮುಂಬಯಿಯ ಒಂದು ಮೆಸ್ಸಿಗೆ. ಆಮೇಲೆ ನಮ್ಮ ಡೊಂಬಿವಲಿಯಲ್ಲೇ ಮದುವೆ ಅಡುಗೆ ಮಾಡುವವರಿಗೆ. ಕೊನೆಗೆ ವಿಠ್ಠಲವಾಡಿಯಲ್ಲಿ ಹಿಟ್ಟು ಅರೆದು ಮಾರುವ ಒಂದು ಮನೆಗೆ.

ನಾನು ಲೆಕ್ಕದವಳು, ಸಾಮಾನಿನ ಸಾಲನ್ನು ಓದುವುದು ನನಗೆ ಅಭ್ಯಾಸ. ಓದುತ್ತ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಮೋಟರ್ ನಾಲ್ಕು ಸಲ ಬದಲಾಗಿದೆ. ಗೇರು ಮೂರು ಸಲ. ಬೆಲ್ಟುಗಳಿಗೆ ಲೆಕ್ಕವೇ ಇಲ್ಲ. ಸ್ಟ್ಯಾಂಡು ತುಕ್ಕು ಹಿಡಿದು ಹೊಸದಾಗಿದೆ, ಸುತ್ತಲಿನ ಸ್ಟೀಲ್ ಕವಚ ಎರಡು ಸಲ. ಗುಂಡುಕಲ್ಲೂ ಒಮ್ಮೆ ಸೀಳಿ ಬೇರೆ ಬಂದಿದೆ. ಒರಳು ಬದಲಾಯಿಸಿದ ಬಿಲ್ಲು ಮಾತ್ರ ಇಲ್ಲ. ಐದು ಜಾಗ ತಿರುಗಿದ್ದು ಒಂದೇ ಕಲ್ಲು.

"ಅಣ್ಣ, ಈ ಒರಳು ಒಮ್ಮೆಯೂ ಬದಲಾಗಿಲ್ಲ ನೋಡಿ."

ಅವರು ಕನ್ನಡಕ ಹಣೆಗೆ ಏರಿಸಿ ಪರದೆಯ ಹತ್ತಿರ ಬಂದರು. ಬೆರಳಿನಿಂದ ಸಾಲು ಸಾಲು ಹಿಡಿದು ಕೆಳಗೆ ಇಳಿದರು. "ಹೌದಾ ಮಾರಾಯ್ರೆ" ಎಂದರು ಕೊನೆಗೆ. "ಒಂದೊಂದು ಸಲ ಒಂದೊಂದು ರಿಪೇರಿ ಅಂತ ಮಾಡಿದ್ದು. ಹೀಗೆ ಒಟ್ಟಿಗೆ ನಾನು ನೋಡಿಯೇ ಇಲ್ಲ."

ನಾನು ಮತ್ತೆ ಮೊದಲ ಸಾಲಿಗೆ ಹೋದೆ. ಎಷ್ಟು ಬೆಳಗು, ಎಷ್ಟು ಜನ! ನೌಪಾಡಾದಲ್ಲಿ ಆಫೀಸಿಗೆ ಓಡುವ ಮೊದಲು ನಿಂತೇ ಇಡ್ಲಿ ತಿಂದವರು, ಕಲ್ಯಾಣದ ಕಾಲೇಜಿನ ಮಕ್ಕಳು, ಮದುವೆ ಊಟಕ್ಕೆ ಕುಳಿತ ಪಂಕ್ತಿಗಳು. ಎಲ್ಲರ ಬಾಯಿಗೂ ಇದೇ ಕಲ್ಲಿನ ಹಿಟ್ಟು. ಥಾಣೆಯಲ್ಲಿ ಕೆಲಸ ಮಾಡುವಾಗ ನಾನೂ ನೌಪಾಡಾದಲ್ಲಿ ಎಷ್ಟೋ ಸಲ ತಿಂದಿದ್ದೇನೆ. ಯಾವ ಹೋಟೆಲು ಎಂದು ಈಗ ನೆನಪಿಲ್ಲ. ಎಷ್ಟು ಇಡ್ಲಿಯಾಗಿರಬಹುದು ಎಂದು ಲೆಕ್ಕ ಹಾಕಲು ಹೊರಟು, ಕ್ಯಾಲ್ಕುಲೇಟರ್ ಪಕ್ಕಕ್ಕಿಟ್ಟೆ.

ಕೊನೆಯ ಎಂಟ್ರಿ ಒಂಬತ್ತು ವರ್ಷ ಹಳೆಯದು. ನಿಯಮದ ಪ್ರಕಾರ ಅಳಿಸಬೇಕಾದದ್ದೇ.

"ಒಂಬತ್ತು ವರ್ಷ ಕಚ್ಚು ಹಾಕದೆ ಯಾವ ಕಲ್ಲೂ ಅರೆಯುದಿಲ್ಲ" ಎಂದರು ಅಣ್ಣ. "ಅದು ಹೋಗಿರ್ತದೆ. ತೆಗೀರಿ."

ನಾನು ಬಟನ್ ಒತ್ತುವ ಮೊದಲು ಅವರೇ ನನ್ನ ಮಣಿಕಟ್ಟಿನ ಹತ್ತಿರ ಕೈ ಅಡ್ಡ ಹಿಡಿದರು. "ಫೋನ್ ನಂಬರ್ ಉಂಟಾ?" ಇತ್ತು, ಹಚ್ಚಿದೆ. ಅಂಥ ನಂಬರ್ ಚಾಲ್ತಿಯಲ್ಲಿ ಇಲ್ಲ ಎಂದು ಮರಾಠಿಯಲ್ಲಿ ಬಂತು.

"ಆದಿತ್ಯವಾರ ಹೋಗಿ ನೋಡಿ ಬರುವ" ಎಂದರು.

ಭಾನುವಾರ ಬೆಳಿಗ್ಗೆ ಡೊಂಬಿವಲಿಯಿಂದ ಅಂಬರನಾಥ ಲೋಕಲ್ ಹಿಡಿದು ವಿಠ್ಠಲವಾಡಿಯಲ್ಲಿ ಇಳಿದೆವು. ಸೇತುವೆಯ ಮೆಟ್ಟಿಲು ಹತ್ತುವಾಗ ಅಣ್ಣ ಎರಡು ಕಡೆ ನಿಂತರು. ಬಿಲ್ಲಿನ ವಿಳಾಸದಲ್ಲಿ ಇದ್ದದ್ದು ಸಾಲುಮನೆಗಳ ಒಂದು ಚಾಳಿನ ಹೆಸರು, ಹಿಟ್ಟಿನ ಗಿರಣಿ ಹತ್ತಿರ ಎಂಬ ಗುರುತು, ಅಷ್ಟೆ. ಗಿರಣಿ ಈಗ ಮೊಬೈಲ್ ಅಂಗಡಿಯಾಗಿತ್ತು. ಅಲ್ಲಿ ಕೇಳಿದರೆ "ಇಡ್ಲಿವಾಲಿ ಮಾವಶಿ ನಾ? ಆವಾಜ್ ಆಲಾ ಕೀ ಡಾವೀಕಡೆ" ಎಂದು ಹೇಳಿ ಕಳಿಸಿದರು. ಇಡ್ಲಿಯ ಚಿಕ್ಕಮ್ಮನಾ, ಸದ್ದು ಕೇಳಿದಲ್ಲಿ ಎಡಕ್ಕೆ ತಿರುಗಿ ಎಂದು.

ಸದ್ದು ಕೇಳಿದ ಕೂಡಲೇ ಅಣ್ಣನ ನಡಿಗೆ ಬದಲಾಯಿತು. ನನಗೆ ಅದು ಬರೀ ಗರಗರ. ಅವರಿಗೆ ಹಾಗಿರಲಿಲ್ಲ. "ಕಲ್ಲು ಹಿಡಿತಾ ಉಂಟು, ಕಚ್ಚು ಉಂಟು ಅದಕ್ಕೆ" ಎಂದರು, ನಂಬಲಾಗದವರ ಹಾಗೆ.

ಬಾಗಿಲಲ್ಲಿ ಐವತ್ತರ ಆಸುಪಾಸಿನ ಹೆಂಗಸು ನಿಂತಿದ್ದರು. ಮೊಣಕೈವರೆಗೆ ಹಿಟ್ಟು. ನಾವು ಯಾರು, ಯಾಕೆ ಬಂದೆವು ಎಂದು ನಾನು ಹೇಳಿದೆ.

"ಕಲ್ಲ್ ಐತ್ರಿ, ಯಾಕ್ ಇರಂಗಿಲ್ಲ? ಒಳಗ ಬರ್ರಿ" ಎಂದರು. ಮಾತು ವಿಜಾಪುರದ ಕಡೆಯದು.

ಅವರು ಯಂತ್ರ ನಿಲ್ಲಿಸಿ, ಉದ್ದಿನ ಹಿಟ್ಟು ತೆಗೆದು, ಒರಳು ತೊಳೆದರು. ಅಣ್ಣ ಗೋಡೆ ಹಿಡಿದು ನಿಧಾನ ಕುಳಿತು ಅಂಚಿನ ಕೆಳಗೆ ಕೈ ಹಾಕಿದರು. ನನ್ನ ಕೈಯನ್ನೂ ಹಿಡಿದು ಅಲ್ಲಿಗೆ ಒಯ್ದರು. ಬೆರಳಿಗೆ ನಾಲ್ಕು, ಅದರ ಪಕ್ಕ ಒಂದು ಸಿಕ್ಕಿತು. ತಣ್ಣಗಿತ್ತು. ದಿನವೂ ಪರದೆಯ ಮೇಲೆ ನೋಡುವ ಅಂಕಿಯನ್ನು ನಾನು ಹಾಗೆ ಮುಟ್ಟಿದ್ದು ಜೀವನದಲ್ಲಿ ಅದೊಂದೇ ಸಲ.

ಒರಳಿನ ಹೊಟ್ಟೆ ಮೊದಲಿಗಿಂತ ಎರಡು ಬೆರಳು ಆಳವಾಗಿದೆ ಎಂದು ಅಣ್ಣ ತೋರಿಸಿದರು.

"ಅಷ್ಟು ಕಲ್ಲು ಎಲ್ಲಿಗೆ ಹೋಯಿತು?" ಎಂದೆ.

"ಎಲ್ಲಿಗೆ ಅಂದ್ರೆ? ಅರ್ಧ ನನ್ನ ಉಳಿಗೆ, ಅರ್ಧ ನಿಮ್ಮೆಲ್ಲರ ಹೊಟ್ಟೆಗೆ" ಎಂದು ನಕ್ಕರು. ನಗುತ್ತಿದ್ದವರು ಒಳಗೆ ಬೆರಳಾಡಿಸಿದಾಗ ಥಟ್ಟನೆ ಬ್ಯಾಟರಿ ಕೇಳಿದರು. ನಾನು ಮೊಬೈಲಿನ ಬೆಳಕು ಹಿಡಿದೆ. ಒಳಗೆಲ್ಲ ಕಚ್ಚುಗಳು, ಸಣ್ಣವು, ಹತ್ತಿರ ಹತ್ತಿರ, ತಳದಿಂದ ಅಂಚಿನತ್ತ ಬಾಗಿ ಏರಿದ ಸಾಲುಗಳು.

"ಇದು ಯಾರು ಹಾಕಿದ್ದು?"

"ನಾನ ಹಾಕೇನ್ರಿ."

ಅಣ್ಣ ತಲೆ ಎತ್ತಿ ಅವರನ್ನು ನೋಡಿದರು.

"ನಮ್ಮಪ್ಪ ಬೀಸೋ ಕಲ್ಲಿಗೆ ಮುಳ್ಳ, ನೀವು ಕಚ್ಚ ಅಂತೀರಲ್ಲ, ಅದನ್ನ ಹೊಡ್ಯಾಂವ ಇದ್ದಾರಿ. ಊರೂರು ತಿರುಗಾಂವ. ನಾನೂ ಅಂವನ ಹಿಂದ ಹೋಗಾಕಿ. ನಿಮ್ಮ ಶೆಡ್ಡಿನವ್ರು ಹೊಡದಿದ್ದು, ಸಿಟ್ಟಾಗಬ್ಯಾಡ್ರಿ ಅಣ್ಣಾರ, ಎರಡ ತಿಂಗಳಕ್ಕ ನುಣ್ಣಗ ಆಗ್ತಿತ್ತು. ಅದಕ್ಕ ಆಮ್ಯಾಲ ಕರೀಲಿಲ್ಲ. ನಾನ ಆರ ತಿಂಗಳಿಗೊಮ್ಮೆ ಹೊಡ್ಕೋತೇನ್ರಿ."

ಒಂಬತ್ತು ವರ್ಷ ನಮ್ಮ ಲೆಕ್ಕದಲ್ಲಿ ಖಾಲಿ ಇದ್ದದ್ದಕ್ಕೆ ಕಾರಣ ಇದು. ಕಲ್ಲು ಸತ್ತಿದೆ ಎಂದು ನಾವು ತೀರ್ಮಾನಿಸಿದ ಅಷ್ಟೂ ವರ್ಷ ಇವರು ಆರು ತಿಂಗಳಿಗೊಮ್ಮೆ ಇದರ ಮುಂದೆ ಕುಳಿತಿದ್ದರು.

ಅಣ್ಣನಿಗೆ ಸಿಟ್ಟು ಬಂದೀತೆಂದು ನಾನು ಅಂಜಿದೆ. ಈ ಭಾಗದಲ್ಲೆಲ್ಲ ಅವರ ಕೈಗೆ ಹೆಸರಿದೆ. ಅವರು ಕೇಳಿದ್ದು ಒಂದೇ: "ಒಮ್ಮೆ ಹಾಕಿ ತೋರಿಸ್ತೀರಾ?"

ಹೆಂಗಸು ಮೊದಲು ನಾಚಿದರು. ಆಮೇಲೆ ಅಟ್ಟದಿಂದ ಬಟ್ಟೆಯ ಗಂಟೊಂದನ್ನು ಇಳಿಸಿದರು. ಎರಡು ಉಳಿ, ಹಿಡಿ ಸವೆದ ಸುತ್ತಿಗೆ. ಸೆರಗು ಸಿಕ್ಕಿಸಿ, ಒಂದು ಕಾಲು ಮಡಿಸಿ ಒರಳನ್ನು ತಬ್ಬಿದ ಹಾಗೆ ಕುಳಿತರು. ಕೆಲಸದವರಿಗೆ ತೋರಿಸಿಕೊಡುವಾಗ ಅಣ್ಣನ ಪೆಟ್ಟು ನಾನು ನೋಡಿದ್ದೇನೆ. ನೇರ, ಗಟ್ಟಿ, ಭುಜದಿಂದ ಬರುವುದು. ಇವರದು ಮಣಿಕಟ್ಟಿನ ಪೆಟ್ಟು, ಅಕ್ಕಿ ಆರಿಸಿದಷ್ಟು ಹಗುರ. ಉಳಿ ಓರೆಯಾಗಿ ಕೂರುತ್ತಿತ್ತು, ಕಣ್ಣಿಗೆ ಕಂಡೂ ಕಾಣದಷ್ಟು ಪುಡಿ ಹಾರುತ್ತಿತ್ತು. ಒಮ್ಮೆಯೂ ಅಳತೆ ನೋಡಲಿಲ್ಲ. ಸಾಲು ಮಾತ್ರ ಒಂದು ನೂಲಿನಷ್ಟೂ ಅತ್ತಿತ್ತ ಹೋಗಲಿಲ್ಲ. ಹೊರಗೆ ಚಾಳಿನ ಗದ್ದಲ, ದೂರದಲ್ಲಿ ಲೋಕಲಿನ ಹಾರನ್.

ಒರಳಿನ ಕಾಲು ಭಾಗ ಆದ ಮೇಲೆ ಕೈ ನಿಂತಿತು. "ಸಾಕೇನ್ರಿ?"

ಅಣ್ಣ ಎರಡೂ ಕೈ ಜೋಡಿಸಿದರು. "ಓರೆ ಹಾಕಿದ್ರೆ ಹಿಟ್ಟು ತಾನಾಗಿ ಮೇಲೆ ಬರ್ತದೆ. ಐವತ್ತು ವರ್ಷ ನಾನು ನೆಟ್ಟಗೆ ಹಾಕಿದೆ ಅಕ್ಕ" ಎಂದರು ನನ್ನ ಕಡೆ ತಿರುಗಿ. ಆ ದನಿಯಲ್ಲಿ ಬೇಸರವಿರಲಿಲ್ಲ. ಹೊಸದೇನನ್ನೋ ಕಂಡ ಖುಷಿ ಇತ್ತು. ನಂತರ ಆ ಹೆಂಗಸನ್ನು ಕೇಳಿದರು: "ನಮ್ಮ ಶೆಡ್ಡಿಗೆ ಬರ್ತೀರಾ ಅಮ್ಮ? ಕಲ್ಲು ತುಂಬಾ ಉಂಟು. ನನ್ನ ಜನಕ್ಕೆ ಕಲಿಸ್ಲಿಕ್ಕೂ ಬೇಕು."

"ನಿಮ್ಮ ಗಂಡಸ್ರು ಕೇಳ್ತಾರೇನ್ರಿ ನನ್ನ ಮಾತ?"

"ನಾನು ಮೊದಲು ಕೇಳ್ತೇನಲ್ಲ."

ಅವರು ಬಿಸಿ ಇಡ್ಲಿ, ಶೇಂಗಾ ಚಟ್ನಿ ಕೊಟ್ಟರು. ತಿಂದು ಹೊರಡುವಾಗ ಮಧ್ಯಾಹ್ನ ಆಗಿತ್ತು.

ಮರುದಿನದಿಂದ ನಾನು ಉಳಿದ ಹಳೆಯ ದಾಖಲೆಗಳನ್ನು ಅಳಿಸಿದೆ. ಒಂದೊಂದನ್ನು ತೆಗೆಯುವಾಗಲೂ ಇದರ ಆಚೆಗೆ ಯಾವ ಓಣಿಯಲ್ಲಿ ಯಾರು ಕುಳಿತಿದ್ದಾರೋ ಎನಿಸುತ್ತಿತ್ತು. ನಲವತ್ತೊಂದನ್ನು ಮುಟ್ಟಲಿಲ್ಲ. ಕಂಪ್ಯೂಟರು ಈಗ ಚುರುಕಾಗಿದೆ. ಸಂಬಳದ ಪಟ್ಟಿಯಲ್ಲಿ ಒಂದು ಹೊಸ ಹೆಸರು ಸೇರಿದೆ.

ವಿಠ್ಠಲವಾಡಿಯ ಆ ಹೆಂಗಸು ಗುರುವಾರ ಗುರುವಾರ ಬರುತ್ತಾರೆ. ಮೊದಲ ಗುರುವಾರ ಕೆಲಸದವರು ಕೈಕಟ್ಟಿ ದೂರ ನಿಂತಿದ್ದರು. ಆಕೆ ಉಳಿ ಹಿಡಿದು ಹತ್ತು ನಿಮಿಷ ಆಗುವುದರೊಳಗೆ ಒಬ್ಬೊಬ್ಬರೇ ಹತ್ತಿರ ಬಂದರು. ಎಲ್ಲರಿಗಿಂತ ಮುಂದೆ ಒಂದು ಗೋಣಿ ಹಾಸಿಕೊಂಡು, ಮಂಡಿ ನೋವಿದ್ದರೂ ನೆಲದ ಮೇಲೆಯೇ ಅಣ್ಣ ಕುಳಿತಿದ್ದರು. "ಉಳಿ ಸ್ವಲ್ಪ ಮಲಗಿಸ್ರಿ ಅಣ್ಣಾರ, ಇನ್ನೂ ಸ್ವಲ್ಪ" ಎಂದು ಆಕೆ ಹೇಳಿದಾಗ, ಎಪ್ಪತ್ತು ದಾಟಿದ ಆ ಕೈ ಉಳಿಯನ್ನು ಸ್ವಲ್ಪ ಮಲಗಿಸಿತು.