ದೀದಿಯ ಹೊಸ್ತಿಲಿಗೆ ಹಾಕಿದ ಕಲ್ಲು

ವಾಡಿ ಜಂಕ್ಷನ್ನಿಗೆ ನಮ್ಮನ್ನು ಕಳಿಸಲು ಬಂದವರಲ್ಲಿ ಅಳದೆ ಇದ್ದವಳು ನಮ್ಮವ್ವ ಒಬ್ಬಳೇ. ಅವಳು ಸಿಟ್ಟಿನಲ್ಲಿದ್ದಳು. "ಇಲ್ಲೇ ದಂಡೋತಿಗೆ ಹೋಗಬೇಕಂದ್ರ ಕಾಗಿಣಾ ಹೊಳಿ ತುಂಬೇದ ಅಂತ ಬಸ್ಸಿನಾಗ ಕಣ್ಣು ಮುಚ್ಕೊಂಡು ಕುಂದರ್ತಿ. ನೇಪಾಳಕ್ಕ ಹೋಗಿ ನೀ ಏನು ಸೇವಾ ಮಾಡ್ತಿ?" ಎಂದು ರೈಲು ಬರುವ ತನಕ ಕೇಳುತ್ತಲೇ ಇದ್ದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ನಾನು ಹುಟ್ಟು ಹೆದರುಪುಕ್ಕಲಿ. ನಾಯಿ, ನೀರು, ಎತ್ತರ, ಪೊಲೀಸರು, ಈ ನಾಲ್ಕಕ್ಕೂ ಹೆದರುವವಳು ಈ ನಾಲ್ಕೂ ಧಾರಾಳವಾಗಿರುವ ದೇಶಕ್ಕೆ ಹೊರಟಿದ್ದೆ.

ನಾವು ಆರು ಜನ, ನಮ್ಮ ಕ್ರೈಸ್ತ ಸಭೆಯ ಯುವಜನ ಸಂಘದವರು. ಮುಂದಾಳು ಸಮಾಧಾನ ಅಣ್ಣ, ಚಿತ್ತಾಪುರದಲ್ಲಿ ಹೈಸ್ಕೂಲ್ ಮಾಸ್ತರರು. ಸೇಡಂನ ಅಕ್ಕತಂಗಿಯರಿಬ್ಬರು, ಚಿಂಚೋಳಿ ಕಡೆಯ ಚಿಮ್ಮನಚೋಡದ ಒಬ್ಬ ಡಿಗ್ರಿ ಹುಡುಗ, ಶಹಾಬಾದಿನಿಂದ ನಾನು ಮತ್ತು ಪ್ರಭುದಾಸ. ನಾನು ಅಲ್ಲಿ ಶಿಶುವಿಹಾರದ ಟೀಚರ್. ಪ್ರಭು ನಮ್ಮ ಓಣಿಯವನೇ, ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಅವನ ಅಪ್ಪ, ಅಜ್ಜ ಎಲ್ಲರೂ ಕಲ್ಲಿನ ಖಣಿಯಲ್ಲೇ ದುಡಿದವರು. ಈ ಪ್ರವಾಸ ಹುಟ್ಟಿದ್ದೇ ಅವನ ಕೈಕೆಲಸವನ್ನು ನಂಬಿಕೊಂಡು.

ಕಠ್ಮಂಡುವಿನಿಂದ ಉತ್ತರಕ್ಕೆ, ಗುಡ್ಡದ ಮೇಲಿನ ಒಂದು ಊರಿನಲ್ಲಿ ಒಬ್ಬ ಹೆಂಗಸು ಹತ್ತು ಹನ್ನೆರಡು ತಬ್ಬಲಿ ಮಕ್ಕಳನ್ನು ಸಾಕಿಕೊಂಡಿದ್ದಾರೆ. ಎಲ್ಲರೂ ಅವರನ್ನು ದೀದಿ ಎನ್ನುತ್ತಾರೆ. ಹಿಂದೆ ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದಾಗ ನಮ್ಮ ಪಾಸ್ಟರಮ್ಮನ ಪರಿಚಯವಾಗಿ, ಅಲ್ಲಿಯೇ ಕ್ರೈಸ್ತಳಾಗಿ, ಆಮೇಲೆ ಊರಿಗೆ ಮರಳಿದವರು. ಮನೆಯದು ಮಣ್ಣಿನ ನೆಲ. ಚಳಿಗಾಲದಲ್ಲಿ ತೇವಕ್ಕೆ ಮಕ್ಕಳು ಕೆಮ್ಮುತ್ತವೆ ಎಂದು ಅವರು ಹೇಳಿದ್ದನ್ನು ಕೇಳಿ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಊರಿನವರಾದ ನಾವು ಕಲ್ಲು ಹಾಸಿ ಕೊಡುವುದೆಂದು ತೀರ್ಮಾನವಾಯಿತು. ಊರಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಕಾರಣ ಓದುತ್ತ ಹೋದಂತೆ ತಿಳಿಯುತ್ತದೆ.

ಆ ದೇಶದಲ್ಲಿ ಮತಾಂತರ ಮಾಡಿಸುವುದು ಅಪರಾಧ. ಹೊರಗಿನವರು ಸಿಕ್ಕಿಬಿದ್ದರೆ ಜೈಲು, ಆಮೇಲೆ ಗಡೀಪಾರು. ಹಾಗಾಗಿ ರೈಲು ಸೋಲಾಪುರ ದಾಟುವುದರೊಳಗೆ ಸಮಾಧಾನ ಅಣ್ಣ ನಮ್ಮನ್ನೆಲ್ಲ ಒಂದೇ ಬೋಗಿಯಲ್ಲಿ ಕೂಡಿಸಿ ಕಟ್ಟುನಿಟ್ಟು ಹೇಳಿದರು. "ಹಾಡು ಇಲ್ಲ, ಪ್ರಸಂಗ ಇಲ್ಲ. ದೇವರ ಮಾತು ನೀವು ತೆಗೀಬ್ಯಾಡ್ರಿ, ಅವರ ದೇವರ ಬಗ್ಗೆ ಕೇಳ್ಲಿಕ್ಕೂ ಹೋಗಬ್ಯಾಡ್ರಿ. ಕೇಳಿದ್ರ ಮಾತಿಗೆ ಮಾತು ಬೆಳೀತದ. ಕಲ್ಲು ಹಾಸಿ ಸುಮ್ಮ ವಾಪಸ್ ಬರೋದು." ಈ ಕಾಯಿದೆ ನನಗೆ ಭಾಳ ಹಿಡಿಸಿತು. ಬಾಯಿ ಮುಚ್ಚಿಕೊಂಡಿರುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ.

ಝಾನ್ಸಿಯಲ್ಲಿ ರೈಲು ಬದಲಿಸಿ ಗೋರಖಪುರ, ಅಲ್ಲಿಂದ ಬಸ್ಸಿನಲ್ಲಿ ಮೂರು ತಾಸು ಹಾದಿಯ ಸೋನೌಲಿ ಗಡಿ. ಭಾರತದವರಿಗೆ ಪಾಸ್‌ಪೋರ್ಟ್ ಬೇಕಿಲ್ಲ, ಮತದಾರರ ಚೀಟಿ ಸಾಕು. ಕಮಾನು ದಾಟಿದ ಮೇಲೆ ಒಬ್ಬ ಪೊಲೀಸ್ ಪೇದೆ ನನ್ನ ಚೀಲವನ್ನೇ ಬಿಚ್ಚಿಸಬೇಕೆ? ಮೇಲೆ ಕಡಕ್ ರೊಟ್ಟಿಯ ಗಂಟು, ಕೆಳಗೆ ಸೀರೆಯಲ್ಲಿ ಸುತ್ತಿದ ನನ್ನ ಬೈಬಲ್. "ಪಶುಪತಿನಾಥನ ದರ್ಶನಕ್ಕೋ?" ಎಂದು ಹಿಂದಿಯಲ್ಲಿ ಕೇಳಿದ. ನಾನು ಸಮಾಧಾನ ಅಣ್ಣನ ಬೆನ್ನ ಹಿಂದೆ ಸರಿದೆ. ಸಮಾಧಾನ ಅಣ್ಣ, "ಊರು ನೋಡಲು" ಎಂದರು. ಅವನು ರೊಟ್ಟಿಯೊಂದನ್ನು ಬೆರಳಲ್ಲಿ ಬಡಿದು ನೋಡಿ, ಹಪ್ಪಳವೇ ಎಂದು ವಿಚಾರಿಸಿ, ಮುರಿದು ಬಾಯಿಗೆ ಹಾಕಿಕೊಂಡು ಹೋಗಿ ಎಂದ. ಸೇಡಂನ ಹುಡುಗಿಯರು ಬಸ್ಸು ಹತ್ತಿದ ಮೇಲೂ ಇದನ್ನು ಹೇಳಿ ಹೇಳಿ ನಗುತ್ತಿದ್ದರು. ನಾನು ಮಾತ್ರ ಬೈಬಲನ್ನು ಚೀಲದ ಇನ್ನೂ ತಳಕ್ಕೆ ತುರುಕುತ್ತಿದ್ದೆ.

ಕಠ್ಮಂಡುವಿನವರೆಗಿನ ಬಸ್ಸಿಗೆ ತಲೆಗೆ ಅಲ್ಲಿಯ ಸಾವಿರ ಚಿಲ್ಲರೆ ರೂಪಾಯಿ. ಹಗಲೆಲ್ಲ ಪ್ರಯಾಣ. ಮಾರನೆಯ ದಿನ ಜೀಪು. ದಸರೆ ರಜೆಯ ದಿನಗಳವು, ಮಳೆ ನಿಂತಿದ್ದರೂ ಗುಡ್ಡ ಕುಸಿದಲ್ಲೆಲ್ಲ ರಸ್ತೆ ಇನ್ನೂ ಹಸಿಮಣ್ಣು. ಎಡಕ್ಕೆ ಬಂಡೆ, ಬಲಕ್ಕೆ ಏನೂ ಇಲ್ಲ. ಒಂದು ತಿರುವಿನಲ್ಲಿ ಚಾಲಕ ಇಳಿದು ಚಕ್ರದ ಹತ್ತಿರ ಬಗ್ಗಿ ನೋಡಿ, ತಲೆ ಕೆರೆದುಕೊಂಡು, ಮತ್ತೆ ಹತ್ತಿದ. ಆಗ ನಾನು ಅವ್ವನ ಮಾತನ್ನೆಲ್ಲ ಒಪ್ಪಿಕೊಂಡೆ.

ಜೀಪು ನಿಂತಲ್ಲಿಗೆ ದೀದಿ ಬಂದಿದ್ದರು. ಐವತ್ತರ ಆಸುಪಾಸಿನ ಗಿಡ್ಡ ಗಟ್ಟಿ ಹೆಂಗಸು. ಅವರ ಹಿಂದಿಯಲ್ಲಿ ಬೇಡಕ್ಕೆ ನಕ್ಕೋ, ಹೌದಿಗೆ ಹೌ ಎನ್ನುವ ಹೈದರಾಬಾದಿನ ಮಾತುಗಳೆಲ್ಲ ಹಾಗೇ ಉಳಿದಿದ್ದವು, ನಮ್ಮ ಶಹಾಬಾದಿನ ಬಜಾರದಲ್ಲಿ ನಿಂತಂತಾಯಿತು. ಒಂದೂವರೆ ತಾಸು ಮಂಜಿನಲ್ಲಿ ಏರುವ ಹಾದಿ. ಊರು ಇನ್ನೇನು ಬಂತೆನ್ನುವಾಗ ಹಾದಿಯ ನಡುವೆ ಎದೆಮಟ್ಟದ ಉದ್ದನೆಯ ಗೋಡೆ. ಗಾರೆಯಿಲ್ಲದೆ ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಒಟ್ಟಿದ್ದರು. ಮೇಲೆಲ್ಲ ಪಾಚಿ. "ಈ ಕಡೆಯಿಂದ ಬನ್ನಿ" ಎಂದು ದೀದಿ ನಮ್ಮನ್ನು ಗೋಡೆ ಬಲಗೈಗೆ ಬರುವಂತೆ ನಡೆಸಿದರು. ಅದೇನೆಂದು ಯಾರೂ ಕೇಳಲಿಲ್ಲ. ಪ್ರಭು ಮಾತ್ರ ನನ್ನ ಕಿವಿಯಲ್ಲಿ, "ಯಾರದೋ ಖಣಿ ಮಾಲು ಇರಬೇಕಕ್ಕ. ಲಾರಿ ಮ್ಯಾಲ ಬರಂಗಿಲ್ಲಲ್ಲ, ಅದಕ್ಕ ಇಲ್ಲೇ ಒಟ್ಟ್ಯಾರ" ಎಂದ. ನಮ್ಮೂರಿನಲ್ಲಿ ರಸ್ತೆಯ ಎರಡೂ ಬದಿ ಕಾಣುವುದು ಅಂಥ ಒಟ್ಟಿಲುಗಳೇ. ನನಗೂ ಹಾಗೆಯೇ ಅನ್ನಿಸಿತು.

ಕೆಳಗಿನ ಖಣಿಯಿಂದ ದೀದಿ ಕಲ್ಲು ತರಿಸಿಟ್ಟಿದ್ದರು. ಪ್ರಭು ಒಂದೊಂದನ್ನೂ ಸುತ್ತಿಗೆಯ ಹಿಡಿಯಿಂದ ಬಡಿದು, ಸದ್ದು ಕೇಳಿ ಆರಿಸುತ್ತಿದ್ದ. ನಾವು ಮಣ್ಣು ಕೆದರಿ, ಮರಳು ಹೊತ್ತು, ಗಾರೆ ಕಲಸಿದೆವು. ಅನ್ನ, ಬೇಳೆ, ಸೊಪ್ಪು ಊಟ. ಸಂಜೆ ಬಾಗಿಲು ಹಾಕಿ ಪಿಸುದನಿಯಲ್ಲಿ ಪ್ರಾರ್ಥನೆ. ಹೊರಗೆ ಹೆಜ್ಜೆ ಸಪ್ಪಳವಾದರೆ ಆಮೆನ್ ಅರ್ಧಕ್ಕೇ ನಿಲ್ಲುತ್ತಿತ್ತು. ಚಹದಂಗಡಿಯ ಮುಂದೆ ಕೂರುವ ಯುವಕರು ನಮ್ಮನ್ನು ಕಂಡರೆ ಮಾತು ನಿಲ್ಲಿಸುವುದನ್ನು ಮೊದಲ ದಿನವೇ ಗಮನಿಸಿದ್ದೆ. ಅದನ್ನು ಹೇಳಿದರೆ ಸಮಾಧಾನ ಅಣ್ಣ, "ನಿನಗ ನೆಳ್ಳೂ ಪೊಲೀಸಾಗಿ ಕಾಣ್ತದ" ಎಂದು ಚೇಷ್ಟೆ ಮಾಡಿದರು.

ಕೋಣೆಗಳು ಮುಗಿದು ಹೊಸ್ತಿಲಷ್ಟೇ ಉಳಿದಾಗ ಕಲ್ಲು ಸಾಲದೆ ಬಂತು. ದೀದಿ ಸಂತೆಗೆ ಹೋಗಿದ್ದರು. ಪ್ರಭು ತಲೆಗೆ ಟವೆಲ್ ಸಿಂಬಿ ಮಾಡಿಕೊಂಡು ಹೊರಗೆ ಹೋದವನು ಒಂದು ಒಳ್ಳೆಯ ಉದ್ದನೆಯ ಕಲ್ಲು ಹೊತ್ತು ತಂದ. ಗೋಡೆಯಿಂದ ಕೆಳಗೆ ಜಾರಿ ಬಿದ್ದಿತ್ತಂತೆ. ನಮ್ಮಲ್ಲಿ ಖಣಿಯ ಪಕ್ಕ ಹೊರಗೆ ಬಿದ್ದ ತುಕಡಿಯನ್ನು ಯಾರು ಬೇಕಾದರೂ ಒಯ್ಯುತ್ತಾರೆ. ಬಡವರ ಅಂಗಳ, ಬಚ್ಚಲು, ಸಭೆಯ ಮೆಟ್ಟಿಲು ಎಲ್ಲ ಅಂಥ ತುಕಡಿಯಲ್ಲೇ ಆದದ್ದು. ಅದನ್ನು ಕಳವು ಅಂದವರನ್ನು ನಾನು ಕಂಡಿಲ್ಲ. ನಯವಾದ ಮುಖ ಮೇಲಕ್ಕೆ, ಪಾಚಿ ಕಟ್ಟಿದ ಒರಟು ಮುಖ ಗಾರೆಗೆ. ಪ್ರಭು ಹಾಸಿ, ಮೇಲೆ ನಿಂತು ಹಿಮ್ಮಡಿಯಲ್ಲಿ ಅದುಮಿ ಕೂರಿಸಿದ. ಕಲ್ಲು ಕೂರಿಸುವುದೇ ಹಾಗೆ. ನಾವೂ ಮೂರು ನಾಲ್ಕು ಸಲ ಅದನ್ನು ತುಳಿದು ಒಳಗೆ ಹೊರಗೆ ಓಡಾಡಿದೆವು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ದೀದಿ ಬಂದರು. ಕೈಚೀಲ ಅಂಗಳದಲ್ಲೇ ಬಿಟ್ಟು ಹೊಸ್ತಿಲನ್ನೇ ನೋಡಿದರು. "ಇದು ಎಲ್ಲಿಂದ ಬಂತು?" ಪ್ರಭು ಉತ್ಸಾಹದಿಂದ ಹೇಳಿದ. ದೀದಿ ನೆಲದ ಮೇಲೆ ಕುಸಿದು ಕೂತರು.

ಆ ಗೋಡೆಗೆ ಮಾನೆ ಎನ್ನುತ್ತಾರಂತೆ. ಒಂದೊಂದು ಕಲ್ಲಿನ ಮೇಲೂ ಮಂತ್ರ ಕೆತ್ತಿಸಿ, ತೀರಿಕೊಂಡ ಒಬ್ಬರ ನೆನಪಿಗೆ ಇಡುತ್ತಾರಂತೆ. ಊರಿನ ಪ್ರತಿ ಮನೆಯ ಸತ್ತವರೂ ಅಲ್ಲಿದ್ದಾರೆ. "ನಾನು ಮಕ್ಕಳಿಗೆ ಊರಿನ ದೇವರನ್ನು ತುಳಿಯಲು ಕಲಿಸುತ್ತೇನೆ ಅಂತ ಈಗಾಗಲೇ ಆಡಿಕೊಳ್ಳುತ್ತಾರೆ" ಎಂದರು ದೀದಿ. "ಇದು ಗೊತ್ತಾದರೆ ಈ ಮನೆ ಉಳಿಯುವುದಿಲ್ಲ. ನೀವು ಬಸ್ಸು ಹತ್ತುತ್ತೀರಿ. ಈ ಮಕ್ಕಳನ್ನು ಕರೆದುಕೊಂಡು ನಾನು ಎಲ್ಲಿಗೆ ಹೋಗಲಿ?"

ಪ್ರಭುವಿನ ಮುಖ ಸುಣ್ಣದಂತಾಯಿತು. "ಒರಟಿತ್ತು ಅಣ್ಣಾರ. ಟಾಕಿ ಹೊಡ್ದಿದ್ದು ಅನ್ಕೊಂಡೆ" ಎಂದ. ಬೀಸುವ ಕಲ್ಲಿಗೆ ಉಳಿಯಿಂದ ಹೊಡೆಯುವ ಗುರುತೆಂದೇ ಅವನು ತಿಳಿದಿದ್ದ. ಸಮಾಧಾನ ಅಣ್ಣ ಹೊತ್ತು ಮುಳುಗಿದ ಮೇಲೆ ಸದ್ದಿಲ್ಲದೆ ಒಯ್ದಿಟ್ಟು ಬರೋಣ ಎಂದರು. ಅದಕ್ಕಿಂತ ಈಗಲೇ ಜೀಪು ಹಿಡಿದು ಹೋಗಿಬಿಡೋಣ ಎಂದು ನನ್ನ ಮನಸ್ಸು ಬಡಿದುಕೊಳ್ಳುತ್ತಿತ್ತು. ದೀದಿ ಎರಡನ್ನೂ ಒಪ್ಪಲಿಲ್ಲ. "ಕದ್ದು ಇಡುವಾಗ ಯಾರಾದರೂ ಕಂಡರೆ ಮುಗಿಯಿತು. ಬೆಳಕಿರುವಾಗಲೇ ಲಾಮಾರ ಹತ್ತಿರ ಒಯ್ಯಬೇಕು" ಎಂದರು. ಊರಿನ ಲಾಮಾ ಅವರ ಸ್ವಂತ ದೊಡ್ಡಪ್ಪ. ದೀದಿ ಕ್ರೈಸ್ತಳಾಗಿ ಮರಳಿದಾಗಿನಿಂದ ಲಾಮಾ ಅವರೊಡನೆ ಒಂದು ಮಾತೂ ಆಡಿರಲಿಲ್ಲ.

ಗಾರೆ ಇನ್ನೂ ಹಸಿಯಿತ್ತು. ಪ್ರಭು ಉಳಿ ಹಿಡಿದು ಅಂಚು ಬಿಡಿಸುವಾಗ ನಾವು ಸುತ್ತ ನಿಂತಿದ್ದೆವು. ಒಡೆದರೆ ಗತಿಯೇನು? ಇಡಿಯಾಗಿ ಎದ್ದಿತು. ನೀರು ಹಾಕಿ ಗಾರೆ, ಪಾಚಿ ತೊಳೆದಂತೆ ಅಕ್ಷರಗಳು ಒಂದೊಂದಾಗಿ ಕಂಡವು. ಪ್ರಭು ಅಂಗೈಯಿಂದ ಉಜ್ಜುತ್ತ ಉಜ್ಜುತ್ತ ಅಳತೊಡಗಿದ.

ಲಾಮಾರ ಮನೆ ಚಹದಂಗಡಿಯ ಆಚೆ. ಅಂಗಡಿ ದಾಟಿ ಹೋಗದೆ ದಾರಿಯಿಲ್ಲ. ಪ್ರಭು ಕಲ್ಲನ್ನು ತಲೆಯ ಮೇಲೆ ಹೊತ್ತು ನಡೆದ, ಹಿಂದೆ ನಾವು. ಅಂಗಡಿಯ ಮುಂದಿದ್ದವರು ಎದ್ದು ನಮ್ಮ ಬೆನ್ನಿಗೇ ಬಂದರು. ಒಬ್ಬ ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಿದ್ದ. ಅವರು ಕೂಗಿದ್ದನ್ನು ದೀದಿ ಮೊದಮೊದಲು ನಮಗೆ ಹೇಳುತ್ತಿದ್ದರು. "ಬೇಕೆಂದೇ ಮಾಡಿದ್ದಾರೆ ಅನ್ನುತ್ತಿದ್ದಾರೆ. ಪೊಲೀಸ್ ಚೌಕಿಗೆ ಫೋನ್ ಮಾಡು ಅನ್ನುತ್ತಿದ್ದಾರೆ." ಆಮೇಲೆ ಹೇಳುವುದನ್ನೇ ನಿಲ್ಲಿಸಿಬಿಟ್ಟರು. ಅದರಷ್ಟು ನನ್ನನ್ನು ಹೆದರಿಸಿದ್ದು ಇನ್ನೊಂದಿಲ್ಲ. ಸೇಡಂನ ಚಿಕ್ಕ ಹುಡುಗಿ ನನ್ನ ಕೈ ಹಿಡಿದಿದ್ದಳು, ಅವಳ ಉಗುರುಗಳು ಚರ್ಮಕ್ಕೆ ನೆಟ್ಟಿದ್ದವು.

ಲಾಮಾ ಜಗಲಿಯ ಮೇಲೆ ಜೋಳದ ತೆನೆ ಬಿಡಿಸುತ್ತಿದ್ದರು. ಮೆಕ್ಕೆಜೋಳ. ಗದ್ದಲ ಕೇಳಿ ತಲೆಯೆತ್ತಿ, ಮೊದಲು ಕಲ್ಲನ್ನು, ಆಮೇಲೆ ಪ್ರಭುವನ್ನು ನೋಡಿದರು. ದೀದಿ ನಡೆದದ್ದನ್ನೆಲ್ಲ ಹೇಳಿದರು. ಅವರು ಒಂದೇ ಪ್ರಶ್ನೆ ಕೇಳಿದರು, ದೀದಿಗಲ್ಲ, ಪ್ರಭುವಿಗೆ. ದೀದಿ ಅದನ್ನು ಹಿಂದಿಯಲ್ಲಿ ಹೇಳಿದರು: ಇದರ ಮೇಲೆ ಕಾಲಿಟ್ಟಿದ್ದೀರಾ?

ಸಮಾಧಾನ ಅಣ್ಣ ಪ್ರಭುವಿನ ತೋಳು ಹಿಡಿದು, "ಇಲ್ಲ ಅನ್ನೋ" ಎಂದು ಕನ್ನಡದಲ್ಲಿ ಮೆಲ್ಲಗೆ ಹೇಳಿದರು. ನಾನೂ ಮನಸ್ಸಿನಲ್ಲಿ ಅದನ್ನೇ ಬೇಡುತ್ತಿದ್ದೆ. ಪ್ರಭು ಕಲ್ಲು ಇಳಿಸದೆ, "ಹೌದ್ರಿ" ಎಂದ. ಆಮೇಲೆ ನಮ್ಮ ಹರಕು ಹಿಂದಿಯಲ್ಲಿ, "ಕೂರಿಸುವಾಗ ನಾನೇ ತುಳಿದೆ. ಇವರೆಲ್ಲ ದಾಟಿ ಓಡಾಡಿದರು. ಗೊತ್ತಿರಲಿಲ್ಲ" ಎಂದ. ಅದನ್ನು ಲಾಮಾರಿಗೆ ಅವರ ಭಾಷೆಯಲ್ಲಿ ಹೇಳಬೇಕಾದವರು ದೀದಿ. ಬೇಕಿದ್ದರೆ ಬದಲಿಸಿ ಹೇಳಬಹುದಿತ್ತು. ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ಯುವಕರಲ್ಲಿ ಒಬ್ಬ ಪ್ರಭುವಿನ ಕೊರಳಪಟ್ಟಿಗೆ ಕೈ ಹಾಕಿದ.

ಲಾಮಾ ಎದ್ದು ಬಂದು ಆ ಕೈ ಬಿಡಿಸಿದರು. ಗೋಡೆಯ ಕಡೆಗೆ ಮುಂದೆ ನಡೆದರು. ಪ್ರಭು ಅವರ ಹಿಂದೆ, ನಾವೆಲ್ಲ ಪ್ರಭುವಿನ ಹಿಂದೆ. ಗೋಡೆಯನ್ನು ಬಲಕ್ಕಿಟ್ಟುಕೊಂಡು ಒಂದು ಸುತ್ತು ಬಂದೆವು. ಅವರು ತೋರಿಸಿದ ಕಡೆ ಪ್ರಭು ಕಲ್ಲು ಇಟ್ಟ. ಲಾಮಾ ತುಟಿಯಲ್ಲೇ ಏನೋ ಹೇಳಿಕೊಂಡು ತಮ್ಮ ಶಾಲಿನ ಅಂಚಿನಿಂದ ಕಲ್ಲಿನ ನೀರು ಒರೆಸಿದರು. ನಂತರ ಜನರ ಕಡೆ ತಿರುಗಿ ಎರಡು ಮಾತು ಆಡಿದರು: ತಂದಿಟ್ಟಿದ್ದಾರೆ, ಮನೆಗೆ ಹೋಗಿ. ವಿಡಿಯೊ ಮಾಡುತ್ತಿದ್ದವನು, ನಿಮ್ಮ ತಮ್ಮನ ಮಗಳೆಂದು ಹೀಗೆ ಹೇಳುತ್ತೀರಿ ಎಂದ. ಲಾಮಾ ನಮ್ಮ ಕಡೆ ಹೊರಳಿದರು. ನಾಳೆ ಬೆಳಿಗ್ಗೆ ಹೊರಡಿ, ಮತ್ತೆ ಬರಬೇಡಿ ಎಂದರು. ದೀದಿಯ ಕಡೆ ನೋಡಲೂ ಇಲ್ಲ.

ಹೊಸ್ತಿಲಿನ ಜಾಗದಲ್ಲಿ ಕೆದರಿದ ಗಾರೆಯ ತಗ್ಗು ಹಾಗೇ ಉಳಿಯಿತು. ಬೆಳಿಗ್ಗೆ ದೀದಿ ಜೀಪಿನವರೆಗೂ ಬಂದರು. ಪ್ರಭು ಅವರ ಕಾಲು ಮುಟ್ಟಲು ಬಗ್ಗಿದಾಗ ತಡೆದು ತಲೆ ಸವರಿದರು. "ಆ ಹುಡುಗರು ಮತ್ತೆ ಬಂದರೆ?" ಎಂದು ಕೇಳಿದೆ. "ಬಂದರೆ ಬಾಗಿಲು ತೆಗೆಯಬೇಕಲ್ಲ, ನಾನು ಇಲ್ಲಿಯವಳು" ಎಂದರು. ಜೀಪು ಹೊರಟಾಗ ನನಗೆ ಸಮಾಧಾನವಾಯಿತು. ಆ ಸಮಾಧಾನಕ್ಕೇ ನಾಚಿಕೆಯೂ ಆಯಿತು. ಪ್ರತಿ ತಪಾಸಣೆ ಕಟ್ಟೆಯಲ್ಲೂ ನಮ್ಮ ವಿಡಿಯೊ ನಮಗಿಂತ ಮುಂದೆ ಬಂದಿದೆಯೇನೋ ಎಂದು ಮುಖ ತಗ್ಗಿಸಿ ಕೂತೆವು. ಸೋನೌಲಿ ದಾಟುವ ತನಕ ಯಾರೂ ಸರಿಯಾಗಿ ಉಣ್ಣಲಿಲ್ಲ.

ಊರಿಗೆ ಬಂದ ಭಾನುವಾರ ಸಭೆಯಲ್ಲಿ ನಮಗೆ ಹಾರ ಹಾಕಿದರು, ದೇವರು ಹೇಗೆ ನಡೆಸಿದನೆಂದು ಸಾಕ್ಷಿ ಹೇಳಿ ಎಂದರು. ಸಮಾಧಾನ ಅಣ್ಣ ನೆಲ ಹಾಸಿ ಬಂದೆವು ಎಂದಷ್ಟೇ ಹೇಳಿ ಕೂತರು. ದೀದಿಯ ಫೋನ್ ಹತ್ತುತ್ತಿರಲಿಲ್ಲ. ದಿನವೂ ಶಾಲೆ ಬಿಟ್ಟೊಡನೆ ಮಾಡುತ್ತಿದ್ದೆ, ಪ್ರಭು ಕಾರ್ಖಾನೆಯಿಂದ ಬಂದು ಮೈಮೇಲಿನ ಕಲ್ಲುಪುಡಿ ಸಹಿತ ನಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದ. "ಹತ್ತೇದೇನ ಅಕ್ಕ?" ಎನ್ನುವನು. ಇಲ್ಲವೆಂದರೆ ಹಾಗೇ ಹೋಗುವನು.

ಕೊನೆಗೆ ಒಂದು ಸಂಜೆ ದೀದಿಯೇ ಮಾಡಿದರು. ಗುಡ್ಡದ ಟವರ್ ಕೆಟ್ಟಿತ್ತಂತೆ. ಮಕ್ಕಳು ಚೆನ್ನಾಗಿದ್ದಾರೆ, ನೆಲ ಬೆಚ್ಚಗಿದೆ ಎಂದರು. ಆ ಹುಡುಗರು? ನೀವು ಹೋದ ದಿನ ಬಂದಿದ್ದರು, ಎಂಟು ಹತ್ತು ಜನ, ಎಂದರು. ಆಮೇಲೆ ಹೇಳಿದ್ದಿಷ್ಟು: ಅವರು ಬರುವ ಮೊದಲೇ ದೊಡ್ಡಪ್ಪ ಬಂದು ಆ ಹೊಸ್ತಿಲಿನ ತಗ್ಗಿನಲ್ಲಿ ಚಾಪೆ ಹಾಕಿಕೊಂಡು ಕೂತಿದ್ದರು. ದಾಟಿ ಹೋಗಲು ಯಾರಿಗೂ ಧೈರ್ಯ ಬರಲಿಲ್ಲ. ಅಂದಿನಿಂದ ದಿನವೂ ಸಂಜೆ ಬರುತ್ತಾರೆ. ನನ್ನೊಡನೆ ಮಾತಿಲ್ಲ, ಚಹಾ ಕೊಟ್ಟರೆ ಮುಟ್ಟುವುದಿಲ್ಲ, ಒಳಗೆ ಕಾಲಿಡುವುದಿಲ್ಲ. ಮಣಿ ಎಣಿಸುತ್ತ ಕೂತು, ಮಕ್ಕಳು ಮಲಗಿದ ಮೇಲೆ ಎದ್ದು ಹೋಗುತ್ತಾರೆ.

ಅವರಿಗೆ ವಯಸ್ಸೆಷ್ಟು ಎಂದು ಕೇಳಿದೆ. ಎಂಬತ್ತು ದಾಟಿದೆ, ಚಳಿಗೆ ಉಬ್ಬಸ ಬೇರೆ, ಎಂದರು ದೀದಿ. ಪ್ರಭು ನನ್ನ ಮುಖವನ್ನೇ ನೋಡುತ್ತ ನಿಂತಿದ್ದ. ಅವನಿಗೆ ಎಲ್ಲವನ್ನೂ ಹೇಳಿದೆ. "ಅಕ್ಕ, ಅವರ ಹೆಸರರ ಕೇಳಬೇಕಿತ್ತು, ಪ್ರಾರ್ಥನಾ ಮಾಡ್ಲಿಕ್ಕ" ಎಂದ. ಹೆಸರು ಈಗಲೂ ಗೊತ್ತಿಲ್ಲ. ದೀದಿಯ ದೊಡ್ಡಪ್ಪನಿಗೆ ಇನ್ನೊಂದು ಚಳಿಗಾಲ ಕೊಡು ತಂದೆ ಎಂದು ನಾವಿಬ್ಬರೂ ದಿನಾ ಕೇಳುತ್ತೇವೆ.