ಎರಡೂ ಕೈಯಲ್ಲಿ ಕೊಟ್ಟ ಕಾರ್ಡು

ಸೂಟು ತೊಟ್ಟ ಗಂಡಸೊಬ್ಬ ಟೆಲಿಫೋನಿಗೆ ನಡು ಬಗ್ಗಿಸಿ ನಮಸ್ಕರಿಸುತ್ತಿದ್ದ. ಆಚೆ ತುದಿಯಲ್ಲಿದ್ದವರಿಗೆ ಅದು ಕಾಣುವುದಿಲ್ಲ, ಆದರೂ ಬಗ್ಗುತ್ತಿದ್ದ. ಕೊನೆಗೆ ರಿಸೀವರ್ ಇಟ್ಟು ಗೊಳೋ ಎಂದು ಅತ್ತ. ಆರ್.ಟಿ. ನಗರದ ಪೀಜಿಯಲ್ಲಿ, ಅಂದರೆ ತಿಂಗಳ ಬಾಡಿಗೆಗೆ ಮಂಚ ಮತ್ತು ಊಟ ಕೊಡುವ ಹೆಣ್ಣುಮಕ್ಕಳ ಮನೆಯಲ್ಲಿ, ನಾನು ಕಳೆದ ಮೊದಲ ಭಾನುವಾರ ಅದು. ಪಕ್ಕದ ಮಂಚದ ಸೌಮ್ಯ ಲ್ಯಾಪ್‌ಟಾಪಿನಲ್ಲಿ ಇದನ್ನು ನೋಡುತ್ತಿದ್ದಳು. ಅದೂ ಕಾರ್ಟೂನು!

"ಯಾಕ ಅಳಾಕತ್ತಾನ ಅಂವ?" ಎಂದೆ.

"ಆರ್ಡರ್ ಸಿಕ್ತು ಕಣೇ, ಖುಷಿಗೆ. ಬಾ ಗದಗ, ಕೂತ್ಕೋ," ಎಂದಳು. ಚಿಂತಾಮಣಿಯ ಹುಡುಗಿ, ಹೆಬ್ಬಾಳದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ನನ್ನ ಹೆಸರು ಗೊತ್ತಿದ್ದರೂ ಮೊದಲ ದಿನದಿಂದ ನನ್ನನ್ನು ಊರಿನ ಹೆಸರಿನಿಂದಲೇ ಕರೆಯುತ್ತಾಳೆ.

ಊರಿನವರೇ, ಅನಿಮೆ ಎಂದರೆ ಜಪಾನಿನವರು ಬಿಡಿಸಿದ ಚಿತ್ರಗಳ ಧಾರಾವಾಹಿ. ಕತ್ತಿ, ಭೂತ, ಹಾರುವ ಹುಡುಗರು ಇರುವಂಥವನ್ನು ನಮ್ಮ ಮಕ್ಕಳೂ ನೋಡುತ್ತಾರೆ. ಸೌಮ್ಯಳ ಹುಚ್ಚು ಬೇರೆ. ಅವಳಿಗೆ ಬೇಕಾದದ್ದು ಹಳೆಯವು, ಮೊಬೈಲ್ ಇಲ್ಲದ ಕಾಲದವು, ಆಫೀಸಿನವು. ಅವುಗಳಲ್ಲಿ ಫ್ಯಾಕ್ಸ್ ಯಂತ್ರದಿಂದ ಕಾಗದವೊಂದು ಹೊರಬಂದರೆ ಯುದ್ಧದ ಸಂಗೀತ ಬಾರಿಸುತ್ತಾರೆ! ಒಬ್ಬ ಗಿರಾಕಿಯನ್ನು ಒಲಿಸಿಕೊಳ್ಳಲು ಇಡೀ ಕಂತು ಹಿಡಿಯುತ್ತದೆ. ನಾಯಕ ಲೋಕ ಉಳಿಸುವುದಿಲ್ಲ, ಸೋಪು ಮಾರುತ್ತಾನೆ. ಸಂಜೆಯ ರೈಲ್ವೆ ಸ್ಟೇಷನ್ನು, ಕಚೇರಿಯ ಕಿಟಕಿಯಾಚೆಯ ಆಕಾಶ, ಎಲ್ಲವನ್ನೂ ಕೈಯಿಂದಲೇ ಬಣ್ಣ ತುಂಬಿ ಬರೆದಿದ್ದಾರೆ. ಎರಡನೇ ಭಾನುವಾರಕ್ಕೆ ನಾನೇ, "ಹಚ್ಚ ಮತ್ತ," ಎನ್ನತೊಡಗಿದ್ದೆ.

ನನಗದು ಯಾಕೆ ಅಷ್ಟು ಹಿಡಿಸಿತೆಂದರೆ ನಾನೂ ಮಾರಲೆಂದೇ ಬಂದವಳು. ಇಲ್ಲಿನ ಅಬ್ಬಿಗೆರೆಯ ಸಣ್ಣ ಕಾರ್ಖಾನೆಯೊಂದು ಕೇಕು, ಸಿಹಿತಿಂಡಿಗಳ ರಟ್ಟಿನ ಡಬ್ಬಿ ಮಾಡುತ್ತದೆ. ಅವುಗಳನ್ನು ಬೇಕರಿಗಳಿಗೆ ಮಾರುವುದು ನನ್ನ ಕೆಲಸ. ಮೂರು ತಿಂಗಳೊಳಗೆ ಒಂದಾದರೂ ಖಾಯಂ ಬೇಕರಿ ಸಿಕ್ಕರೆ ನೌಕರಿ ಉಳಿಯುತ್ತದೆ, ಇಲ್ಲವಾದರೆ ಗದಗಕ್ಕೆ ವಾಪಸು. ಅಲ್ಲಿ ಅಕ್ಕ ನನಗಾಗಿ ಶಾಲೆಯೊಂದರಲ್ಲಿ ಗುಮಾಸ್ತೆಯ ಕೆಲಸ ಮಾತಾಡಿಟ್ಟು ಕಾಯುತ್ತಿದ್ದಳು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ನನಗೆ ಮಾತ್ರ ಈ ಊರಿನಲ್ಲಿ ಗೆಲ್ಲುವ ಹಟ.

ನಮ್ಮ ಕಡೆ ಅಂಗಡಿಗೆ ಹೋದರೆ "ಯಾರ ಮಗಳವಾ?" ಎಂದು ಕೇಳುತ್ತಾರೆ. ಉತ್ತರ ಹೇಳುವಷ್ಟರಲ್ಲಿ ಅರ್ಧ ವ್ಯಾಪಾರ ಮುಗಿದಿರುತ್ತದೆ. ಇಲ್ಲಿ ಆ ಪ್ರಶ್ನೆಯೇ ಇಲ್ಲ. ಬಸ್ಸಿನಲ್ಲಿ ಪಕ್ಕದವರು ತೆಲುಗು, ಹಿಂದಿನವರು ತಮಿಳು, ಕಂಡಕ್ಟರು ಎಲ್ಲ ಭಾಷೆಯಲ್ಲೂ ಚಿಲ್ಲರೆ ಕೇಳುತ್ತಾನೆ. ಹುಡುಗರು ಒಬ್ಬರನ್ನೊಬ್ಬರು 'ಮಗಾ' ಎನ್ನುತ್ತಾರೆ, ಗೆಳೆಯ ಎಂಬರ್ಥದಲ್ಲಿ. ಪೀಜಿಯ ಊಟದಲ್ಲಿ ರೊಟ್ಟಿಯ ಸುಳಿವಿಲ್ಲ, ಅನ್ನದ ಮೇಲೆ ಅನ್ನ. ಮೊದಮೊದಲು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ.

ಆರ್.ಟಿ. ನಗರದ ಇಕ್ಬಾಲ್ ಸಾಹೇಬರ ಬೇಕರಿಗೆ ಎರಡು ಸಲ ಹೋಗಿ ಬಂದಿದ್ದೆ. ಎರಡೂ ಸಲ ಅವರು ತಲೆ ಎತ್ತದೆ, "ಬೇಡಮ್ಮ, ಇದೆ," ಎಂದಿದ್ದರು. ಅದೇ ವಾರ ಸೌಮ್ಯಳ ಅನಿಮೆಯಲ್ಲಿ ಹಿರಿಯ 'ಕಾಚೋ', ಎಂದರೆ ವಿಭಾಗದ ಮುಖ್ಯಸ್ಥ, ಹೊಸಬನಿಗೆ ಪಾಠ ಹೇಳಿದ: ಮೊದಲು ಮಾಲಿನ ಮಾತೆತ್ತಬೇಡ. ಒಳ್ಳೆಯ ಬಟ್ಟೆ ತೊಟ್ಟು ಹೋಗು. 'ಮೇಯ್ಶಿ', ಅಂದರೆ ಹೆಸರಿನ ಕಾರ್ಡನ್ನು, ಎರಡೂ ಕೈಯಲ್ಲಿ ಹಿಡಿದು ಬಗ್ಗಿ ಕೊಡು. ನನಗೆ ಮೈ ಜುಮ್ಮೆಂದಿತು. ಯಾರ ಮಗಳೆಂದು ಗೊತ್ತಿಲ್ಲದ ಊರಿನಲ್ಲಿ ಆ ನಮಸ್ಕಾರವೇ ಪರಿಚಯ!

ಸೋಮವಾರ ಇಳಕಲ್ ಸೀರೆ ಉಟ್ಟೆ. ನಮ್ಮ ಕಂಪನಿಯ ಕಾರ್ಡು ಕೆಂಪು, ಮೇಲೆ ಚಿನ್ನದ ಅಕ್ಷರ, ಅದು ಮಾಲೀಕರ ರುಚಿ. ಅದನ್ನು ಅಷ್ಟೇ ಝಗಝಗಿಸುವ ಮಾದರಿ ಡಬ್ಬಿಯ ಮೇಲಿಟ್ಟು, ಎರಡೂ ಕೈಯಲ್ಲಿ ಚಾಚಿ, ಬಾಯಿ ಬಿಡದೆ ಬಗ್ಗಿದೆ.

ಇಕ್ಬಾಲ್ ಸಾಹೇಬರು ಎದ್ದು ನಿಂತರು. ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡರು.

"ಮುಬಾರಕ್ ಅಮ್ಮಾ, ಮುಬಾರಕ್! ಶಕೀಲಾ, ಇಲ್ ಬಾ, ಮದ್ವೆ ಕಾರ್ಡ್ ಕೊಡೋಕೆ ಬಂದಿದಾಳೆ ನೋಡು!"

ಕುರ್ಚಿ ಬಂತು. ಚಹಾ ಬಂತು, ಕೊಬ್ಬರಿ ತುಂಬಿದ ದಿಲ್‌ಪಸಂದ್ ಬಂತು. ನಾನು ಕಕ್ಕಾಬಿಕ್ಕಿ. ಗಲ್ಲಾಪೆಟ್ಟಿಗೆ ಬಿಟ್ಟು ಬಂದ ಅವರ ಹೆಂಡತಿ ಶಕೀಲಾ ನನ್ನ ಕೆನ್ನೆ ಮುಟ್ಟಿ, "ಹುಡುಗ ಏನ್ ಮಾಡ್ತಾನಮ್ಮಾ?" ಎಂದರು.

"ಹುಡುಗ... ಇನ್ನೂ ಇಲ್ರೀ."

ಅವರು ನಗುತ್ತ ಡಬ್ಬಿ ತೆರೆದರು. ನಗು ನಿಂತಿತು. "ಇದೇನ್ ಖಾಲಿ ಇದೆ?"

"ನಾ ಮಾರೋದ ಅದನ್ನರೀ," ಎಂದೆ.

ನನ್ನ ನೌಕರಿ ಅಲ್ಲಿಗೆ ಮುಗಿಯಿತೆಂದುಕೊಂಡೆ. ಆಮೇಲೆ ಶಕೀಲಾ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಬಾಗಿಲಲ್ಲಿ ನಿಂತ ಗಿರಾಕಿಗಳಿಗೂ ಕಥೆ ಹೇಳಿ ಮತ್ತೆ ನಕ್ಕರು. ಇಕ್ಬಾಲ್ ಸಾಹೇಬರು ತಲೆ ಚಚ್ಚಿಕೊಂಡು, "ಏನಮ್ಮಾ ನೀನು, ನಾನು ಬಿರಿಯಾನಿ ಊಟ ಅಂದ್ಕೊಂಡಿದ್ದೆ!" ಎಂದರು. ನಾನು ಜಪಾನಿನ ಕಥೆ ಹೇಳಿದೆ. ಅಷ್ಟರಲ್ಲಿ ಶಕೀಲಾ ಡಬ್ಬಿಯೊಳಗೆ ಒಂದು ಕೇಕಿಟ್ಟು, ದಾರ ಕಟ್ಟಿ, ಎತ್ತಿ ಜಗ್ಗಿ ನೋಡಿದ್ದರು.

"ರೀ, ಇದರ ತಳ ಗಟ್ಟಿ ಇದೆ ಕಣ್ರೀ. ಈಗ ತರಿಸ್ತಿರೋದು ಬಿಚ್ಕೊಳ್ಳುತ್ತೆ ಅಂತ ದಿನಾ ಬೈಸ್ಕೊತೀವಿ. ಇವಳ್ದೇ ತಗೊಳ್ಳಿ."

ಒಂದು ವಾರ ನೋಡೋಣವೆಂದು ತರಿಸಿದರು. ಮರುವಾರ ಅವರೇ ಫೋನು ಮಾಡಿ, ಇನ್ನು ತಿಂಗಳು ತಿಂಗಳೂ ಕಳಿಸಿ ಎಂದರು. ಬಸ್ ಸ್ಟಾಪಿನಲ್ಲಿ ನಿಂತಿದ್ದ ನಾನು ಕುಣಿದೇ ಬಿಟ್ಟೆ! ಗೆದ್ದೆ, ಒಂದು ಖಾಲಿ ಡಬ್ಬಿ ಹಿಡಿದು ಗೆದ್ದೆ. ಸೌಮ್ಯ ಪೀಜಿಯ ಮೆಟ್ಟಿಲ ಮೇಲೆ ನಿಂತು, ಆ ಧಾರಾವಾಹಿಗಳಲ್ಲಿ ಇಡೀ ಆಫೀಸು ಎದ್ದು ತಟ್ಟುವಂತೆ ಚಪ್ಪಾಳೆ ತಟ್ಟಿದಳು.

ಅಕ್ಕನಿಗೆ ಫೋನು ಮಾಡಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಮದುವೆ ಕಾರ್ಡಿನ ಕಥೆಗೆ ಅವಳೂ ನಗುತ್ತಾಳೆಂದುಕೊಂಡಿದ್ದೆ. ಅವಳು ನಗಲಿಲ್ಲ.

"ಹಂಗಾರ ನೀ ಬರಂಗಿಲ್ಲ."

"ದೀಪಾವಳಿಗೆ ಬರ್ತೀನಲ್ಲಕ್ಕ."

"ಮದುವಿ ಆಗಿ ಹೋಗಿದ್ರ ನನಗ ಗೊತ್ತಿತ್ತವಾ, ಹೆಂಗ ಅಳಬೇಕು, ಹೆಂಗ ಕಳಸಬೇಕು ಅಂತ. ನೀ ರಟ್ಟಿನ ಡಬ್ಬಿ ಸಲುವಾಗಿ ಹೊಂಟಿ. ಇದಕ್ಕ ಹೆಂಗ ಅಳೂದು ಯಾರೂ ಹೇಳಿಕೊಟ್ಟಿಲ್ಲ."

ಅಷ್ಟೊಂದು ಖುಷಿಯಲ್ಲಿ ಇದೊಂದನ್ನು ನಾನು ಯೋಚಿಸಿಯೇ ಇರಲಿಲ್ಲ. ಆ ಮನೆಯಲ್ಲಿ ಇನ್ನು ನಾನು ಬಂದು ಹೋಗುವವಳು. ಅಕ್ಕನೇ ಮುಂದುವರಿಸಿದಳು, "ಇರಲಿ, ದೀಪಾವಳಿಗೆ ಬಾ. ವಾಪಸ್ ಹೋಗುವಾಗ ಉಡಿ ತುಂಬಿ ಕಳಸ್ತೀನಿ."

ನಮ್ಮಲ್ಲಿ ಹೊಸದಾಗಿ ಗಂಡನ ಮನೆಗೆ ಹೋಗುವ ಮಗಳಿಗೆ ಅಕ್ಕಿ, ಕೊಬ್ಬರಿ, ರವಿಕೆಗೆಂದು ಕುಬಸದ ಬಟ್ಟೆ ಮಡಿಲಿಗಿಟ್ಟು ಉಡಿ ತುಂಬುತ್ತಾರೆ.

"ಮದುವಿ ಆಗದಾಕಿಗೆ ಯಾಕಕ್ಕ ಉಡಿ?" ಎಂದೆ.

"ಹೋಗಾಕಿಗೆ ತುಂಬೂದು," ಎಂದಳು. "ನೀ ಹೋದ್ಯಲ್ಲ."