ವಂದನಾರ್ಪಣೆ ಮುಗಿದ ಮೇಲೆ ಸತ್ತವನು

ಮಗನನ್ನು ಮಣ್ಣು ಮಾಡಿ ಇನ್ನೂ ತಿಂಗಳು ತುಂಬಿರಲಿಲ್ಲ. ಸತ್ತವನ ಅಪ್ಪ ನನ್ನ ಆಫೀಸಿಗೆ ಬಂದು, ಆ ಸಾವಿನ ಆರೋಪ ಹೊತ್ತ ಹುಡುಗನ ಪರವಾಗಿ ವಕಾಲತ್ತು ಹಾಕಿ ಅಂದರು.

ನೀವು ತಪ್ಪು ಓದಿಲ್ಲ. ಆರೋಪಿಯ ಪರವಾಗಿಯೇ.

ಬಂದವರು ಮೋರಟಗಿಯ ಹುಸೇನಸಾಬರು. ಒಕ್ಕಲುತನದ ಮನುಷ್ಯ, ಮಾತು ಕಡಿಮೆ. ನಾನು ಕಾಯದೆ ತಿಳಿಸಿ ಹೇಳಿದೆ. "ಸಾಹುಕಾರ್ರ, ನೀವು ಸತ್ತವನ ಕಡೆಯವರು. ಸರಕಾರಿ ವಕೀಲರು ನಿಮ್ಮ ಕಡೆ ಇರ್ತಾರ."

"ಅವರು ಇದ್ರ ಇರಲ್ರಿ. ಮಲ್ಲಪ್ಪಗ ಯಾರದಾರ್ರಿ? ಅವರಪ್ಪ ಕೋರ್ಟಿನ ಕಟ್ಟಿ ಹತ್ತಿದಾವಲ್ಲ. ನನ್ನ ದಸ್ತಗೀರ ಅಂತೂ ಹೋದ. ಈ ಹುಡುಗನ್ನೂ ಜೇಲಿಗೆ ಕಳಿಸಿದ್ರ ನನಗೇನು ಬರತೈತಿ? ನಮ್ಮ ಮನ್ಯಾಗ ಉಂಡು ಬೆಳದಾವ ಅಂವ."

ದಸ್ತಗೀರ ಮತ್ತು ಕನ್ನೊಳ್ಳಿಯ ಮಲ್ಲಪ್ಪ ಒಂದೇ ಖೋಲಿಯಲ್ಲಿದ್ದು ಬಿ.ಎ. ಕೊನೆಯ ವರ್ಷ ಓದುತ್ತಿದ್ದರು. ಒಬ್ಬ ರೊಟ್ಟಿ ಬಡಿದರೆ ಇನ್ನೊಬ್ಬ ಪಲ್ಯ ಮಾಡುವಂಥ ಗೆಳೆತನ. ಯಾವ ಊರಿನ ಕಾಲೇಜು ಅಂತ ಕೇಳಬೇಡಿ. ಇಂಡಿ ಅಂದುಕೊಳ್ಳಿ, ಸಿಂದಗಿ ಅಂದುಕೊಳ್ಳಿ, ಮುದ್ದೇಬಿಹಾಳ, ಬಾಗೇವಾಡಿ, ಯಾವುದಾದರೂ ಅಂದುಕೊಳ್ಳಿ. (ನೋಟೀಸು ನನಗೆ ಬಂದರೆ ಚಿಂತೆಯಿಲ್ಲ, ಉತ್ತರ ನಾನೇ ಬರೆದುಕೊಳ್ಳುತ್ತೇನೆ. ಸಂಪಾದಕರಿಗೆ ಬರುವುದು ಬೇಡ ಪಾಪ.)

ಆದದ್ದು ಇಷ್ಟು. ಕಾಲೇಜಿನ ವಾರ್ಷಿಕ ಸ್ಪೋರ್ಟ್ಸು. ಮಂಟಪ, ಬ್ಯಾಂಡು, ಮುಖ್ಯ ಅತಿಥಿಗಳು, ಎಲ್ಲ ಇತ್ತು. ಓಟ, ಜಿಗಿತ, ಗುಂಡು ಎಸೆತ, ಕಬಡ್ಡಿ ಮುಗಿದು ಬಹುಮಾನವೂ ಆಯಿತು. ಗುಂಡು ಎಸೆತದಲ್ಲಿ ಮಲ್ಲಪ್ಪನೇ ಮೊದಲು. ಆಮೇಲೆ ಇಂಗ್ಲಿಷ್ ಪ್ರೊಫೆಸರರು ಎದ್ದು ವಂದನಾರ್ಪಣೆ ಮಾಡಿದರು. ಅತಿಥಿಗಳಿಗೆ, ದಾನಿಗಳಿಗೆ, ಪೊಲೀಸರಿಗೆ, ಕುರ್ಚಿ ಕೊಟ್ಟವರಿಗೆ, ಎಲ್ಲರಿಗೂ.

ಆದರೆ ಮಂಟಪದ ಮುಂದೆ ಒಂದು ಕಲ್ಲಿತ್ತು.

ಸಂಗ್ರಾಣಿ ಕಲ್ಲು. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಪತ್ರಿಕೆ ಮೈಸೂರಿನ ತನಕ ಹೋಗುತ್ತದೆ ಅಂತ ಹೇಳುತ್ತಿದ್ದೇನೆ. ಗರಡಿಯ ಪೈಲವಾನರು ಎದೆಗೆ ಎತ್ತಿ, ಹೆಗಲಿಗೆ ಏರಿಸಿ, ಬೆನ್ನ ಹಿಂದೆ ಒಗೆಯುವ ದುಂಡುಕಲ್ಲು. ಹಿರಿಯರು ಮೆಚ್ಚಲಿ ಅಂತ ಕಾಲೇಜಿನವರೇ ಅದನ್ನು ಹತ್ತಿರದ ಹಳ್ಳಿಯ ಗರಡಿಯಿಂದ ಚಕ್ಕಡಿಯಲ್ಲಿ ಹೇರಿಸಿ ತಂದಿದ್ದರು. ಎತ್ತಿಸುವುದಕ್ಕಲ್ಲ, ಉದ್ಘಾಟನೆಗೆ. ಮುಖ್ಯ ಅತಿಥಿಗಳು ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದರು, ಕ್ರೀಡಾಕೂಟ ಶುರುವಾಯಿತು. ದೀಪ ಹಚ್ಚುವುದಕ್ಕಿಂತ ಇದು ಚೆಂದ ಅಂತ ಎಲ್ಲರೂ ಹೊಗಳಿದರಂತೆ.

ಅಲ್ಲೇ ಎಡವಟ್ಟಾದದ್ದು. ಕಾಯಿ ಒಡೆದ ಕಲ್ಲನ್ನು ಎತ್ತದೆ ವಾಪಸ್ಸು ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಕಳಿಸಿದರೆ ಆ ಊರಿನಲ್ಲಿ ಗಂಡಸರಿಲ್ಲ ಅಂತ ಅರ್ಥ. ಚಕ್ಕಡಿಯವನು ಕಲ್ಲು ಹೇರಲು ಬಂದದ್ದೇ ತಡ, ಮುದುಕರು ಶುರುಮಾಡಿದರು. "ಹಂಗs ಹೊತ್ಕೊಂಡು ಹೊಂಟ್ಯೇನು? ಕಾಲೇಜಿನಾಗ ಒಬ್ಬ ಗಂಡುಮಗ ಇಲ್ಲೇನು?" ಅತಿಥಿಗಳು ನಕ್ಕು ಕುರ್ಚಿಯಲ್ಲೇ ಹಿಂದಕ್ಕೆ ಒರಗಿದರು. ಪ್ರಿನ್ಸಿಪಾಲರು ಮಲ್ಲಪ್ಪನನ್ನು ಹೆಸರು ಹಿಡಿದು ಕರೆದರು. ಅವರೂ ನಮ್ಮ ಬಾಗೇವಾಡಿ ಕಡೆಯವರೇ, ಪದ್ಧತಿ ಗೊತ್ತಿದ್ದವರು.

"ಏ ಮಲ್ಲಪ್ಪ, ಎತ್ತಿಬಿಡಪಾ. ಮರ್ಯಾದಿ ಪ್ರಶ್ನೆ ಐತಿ."

ಗರಡಿಯಲ್ಲಾದರೆ ಒಣಮಣ್ಣು ಹಾಸಿರುತ್ತಾರೆ. ಇಲ್ಲಿ ಅತಿಥಿಗಳ ಮೂಗಿಗೆ ಧೂಳು ಬಡಿಯಬಾರದು ಅಂತ ಮಂಟಪದ ಮುಂದೆ ಮಧ್ಯಾಹ್ನದಿಂದ ನೀರು ಹೊಡೆಸಿದ್ದರು. ಎರೆಭೂಮಿ. ಎರೆಮಣ್ಣಿಗೆ ನೀರು ಬಿದ್ದರೆ ಏನಾಗುತ್ತದೆ ಅಂತ ನಮ್ಮ ಎಮ್ಮೆಗಳಿಗೂ ಗೊತ್ತು. ಕಲ್ಲು ಎತ್ತುವವನ ಬೆನ್ನಿಗೆ ಗೆಳೆಯನೊಬ್ಬ ನಿಲ್ಲುತ್ತಾನೆ, ಸೊಂಟಕ್ಕೆ ಕೈ ಕೊಟ್ಟು. ಕಲ್ಲು ಎದೆ ದಾಟಿದ ಕೂಡಲೇ ಪಕ್ಕಕ್ಕೆ ಜಿಗಿಯುತ್ತಾನೆ. ದಸ್ತಗೀರ ನಿಂತ. ಕಲ್ಲು ಎದೆಗೆ ಬಂತು. ಮಲ್ಲಪ್ಪನ ಕಾಲು ಜಾರಿತು. ಇಬ್ಬರೂ ಹಿಂದಕ್ಕೆ ಬಿದ್ದರು, ಕಲ್ಲು ಮಲ್ಲಪ್ಪನ ಹೆಗಲ ಮೇಲಿಂದ ಉರುಳಿ ಕೆಳಗಿದ್ದವನ ಮೇಲೆ ಬಿತ್ತು. ಜೀಪು ಸಿಗುವುದರೊಳಗೆ ದಸ್ತಗೀರ ಹೋಗಿಬಿಟ್ಟಿದ್ದ.

ಒಂದು ಜೀವ ಹೋದರೆ ಕಾಯದೆ ಕೇಳುವ ಪ್ರಶ್ನೆ ಒಂದೇ. ಯಾರು ಹೊಣೆ? ಪೊಲೀಸರಿಗೆ ಉತ್ತರ ಸುಲಭವಾಗಿ ಸಿಕ್ಕಿತು. ಕಲ್ಲು ಯಾರ ಕೈಯಲ್ಲಿತ್ತು? ಮಲ್ಲಪ್ಪನ ಕೈಯಲ್ಲಿ. ನಿಷ್ಕಾಳಜಿಯಿಂದ ಸಾವಿಗೆ ಕಾರಣನಾದ ಅಂತ ಕೇಸು ಹಾಕಿದರು.

ಸಂಸ್ಥೆಯ ಮೇಲೆ ದಾವೆ ಹೂಡಿ ಪರಿಹಾರ ಕೇಳಬಹುದು ಅಂತ ಹುಸೇನಸಾಬರಿಗೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. "ಅದು ಬ್ಯಾಡ್ರಿ. ಎತ್ತು ಅಂತ ನಾವು ಅಂದಿದ್ವಿ ಅಂತ ಕಾಲೇಜಿನವರು ಒಂದು ಮಾತು ಅನ್ನಲಿ. ಅಷ್ಟಾದ್ರ ಈ ಹುಡುಗ ಉಳೀತಾನ. ಊಟ ಬಿಟ್ಟಾನ್ರಿ ಅಂವ. ನಾನs ಕೊಂದೆ, ನಾನs ಕೊಂದೆ ಅಂತಾನ."

ಒಂದು ಮಾತು. ಎಷ್ಟು ಸುಲಭ ಅನ್ನಿಸುತ್ತದೆ ಅಲ್ಲವೇ?

ಸಾಕ್ಷಿ ಹುಡುಕಲು ಹೊರಟೆ. ಅಂದು ಕೂಗಿದ ಮುದುಕರ್ಯಾರಿಗೂ ಏನೂ ನೆನಪಿಲ್ಲ. ಒಬ್ಬರಿಗೆ ಬ್ಯಾಂಡಿನ ಸಪ್ಪಳದಲ್ಲಿ ಕೇಳಿಸಲಿಲ್ಲ. ಇನ್ನೊಬ್ಬರು ಎಲೆ ಅಡಿಕೆ ತರಲು ಹೋಗಿದ್ದರು. ಮೂರನೆಯವರು ಮಾತ್ರ ನನ್ನನ್ನು ಮನೆಯೊಳಗೆ ಕರೆದು, ಚಹಾ ಕೊಟ್ಟು, ನಿಜ ಹೇಳಿದರು. "ವಕೀಲ್ರ, ಮನಿ ಮನಿ ತಿರುಗಿ ಈ ಕಾಲೇಜು ತಂದೇವಿ. ಕೆಟ್ಟ ಹೆಸರು ಬಂದು ಮುಚ್ಚಿದ್ರ ಹುಡುಗರು ಮತ್ತ ವಿಜಾಪುರಕ್ಕ ಹೋಗಬೇಕು. ಹುಡುಗರನ್ನ ಕಳಿಸೇವು, ಹೆಣ್ಮಕ್ಕಳನ್ನ ಯಾರು ಕಳಸ್ತಾರ್ರಿ?"

ಸಿಟ್ಟು ಮಾಡಲು ಹೋದೆ, ಆಗಲಿಲ್ಲ. ಅವರ ಮೊಮ್ಮಗಳು ಒಳಗೆ ಕೂತು ಓದುತ್ತಿದ್ದಳು. ಕಾಲೇಜಿನ ಗೋಡೆ ಏಳುವಾಗ ಹುಸೇನಸಾಬರೂ ತಮ್ಮ ಚಕ್ಕಡಿಯಲ್ಲಿ ಉಸುಕು ಹೇರಿದ್ದರಂತೆ, ಅದನ್ನು ಹೇಳಿದವರೂ ಇವರೇ.

ಕೋರ್ಟಿನಲ್ಲಿ ಪ್ರಿನ್ಸಿಪಾಲರು ಸಾಕ್ಷಿ ಕಟ್ಟೆ ಹತ್ತಿದರು. ಒಳ್ಳೆಯ ಮನುಷ್ಯ. ಬಡ ಹುಡುಗರಿಗೆ ತಮ್ಮ ಮನೆಯಲ್ಲಿ ಊಟ ಹಾಕಿದವರು. ಸುಳ್ಳು ಹೇಳಿ ರೂಢಿಯಿಲ್ಲ, ಅದಕ್ಕೇ ಕನ್ನಡಕ ಒರೆಸುತ್ತಲೇ ಇದ್ದರು.

"ಕಾಲೇಜಿನ ಕಾರ್ಯಕ್ರಮ ವಂದನಾರ್ಪಣೆಗೆ ಮುಗಿದಿತ್ತು. ಆಮೇಲೆ ನಡೆದದ್ದಕ್ಕೂ ಸಂಸ್ಥೆಗೂ ಸಂಬಂಧವಿಲ್ಲ."

"ಮುಗಿದ ಮೇಲೆ ಅತಿಥಿಗಳು ಎದ್ದು ಹೋಗಿದ್ದರೇ?" ಅಂತ ಕೇಳಿದೆ.

"ಇಲ್ಲ. ಕುಳಿತಿದ್ದರು."

"ನೀವು?"

"ನಾನೂ ಕುಳಿತಿದ್ದೆ."

"ಯಾಕೆ?"

ಅವರು ಮತ್ತೆ ಕನ್ನಡಕ ತೆಗೆದರು. "ಎತ್ತು ಅಂತ ಮಲ್ಲಪ್ಪನಿಗೆ ಹೇಳಿದವರು ಯಾರು?" ಅಂದೆ. ಅವರು ನನ್ನನ್ನು ನೋಡಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಹುಸೇನಸಾಬರನ್ನು ನೋಡಿ, "ಯಾರೂ ಹೇಳಲಿಲ್ಲ" ಅಂದರು.

ಹೋದ ವಾರ ತೀರ್ಪಾಯಿತು. ಹುಡುಗ ತನ್ನ ಇಚ್ಛೆಯಿಂದ, ಕಾರ್ಯಕ್ರಮದ ಹೊರಗೆ ಆಡಿದ ಆಟ. ಕಾಲು ಜಾರಿದ್ದು ಆಕಸ್ಮಿಕ. ನಿಷ್ಕಾಳಜಿ ಸಾಬೀತಾಗಿಲ್ಲ. ಮಲ್ಲಪ್ಪ ಖುಲಾಸೆ. ಬಾರ್ ರೂಮಿನಲ್ಲಿ ಗೆಳೆಯರು ನನ್ನ ಕೈ ಕುಲುಕಿದರು, ಒಬ್ಬರು ಫೇಡೆಯನ್ನೂ ತರಿಸಿದರು. ನನಗೂ ಒಳಗೊಳಗೇ ಹಿಗ್ಗಾಗಿತ್ತು, ಸುಳ್ಳು ಯಾಕೆ ಹೇಳಲಿ.

ಹೊರಗೆ ಬೇವಿನ ಗಿಡದ ಕೆಳಗೆ ಹುಸೇನಸಾಬರು ಮಲ್ಲಪ್ಪನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು. "ಬಿಟ್ಟಾರಲ್ಲೋ ತಮ್ಮಾ, ಇನ್ನರ ಉಣ್ಣು" ಅನ್ನುತ್ತಿದ್ದರು. ಅವನ ಕೊರಳಲ್ಲಿ ಅಂಗಿ ಜೋಲುತ್ತಿತ್ತು. ಗುಂಡು ಎಸೆದು ಗೆದ್ದವನು ಇವನೇನಾ ಅನ್ನಿಸಿತು.

"ಪರೀಕ್ಷಾ ಬರಿ," ಅಂದೆ. "ಎಲ್ಲಾ ಮುಗೀತು."

"ಕನ್ನೊಳ್ಳಿಗೆ ಹೊಂಟೇನ್ರಿ. ಸಾಲಿ ಸಾಕು." ಆಮೇಲೆ ತಲೆಯೆತ್ತಿ ಕೇಳಿದ. "ವಕೀಲ್ ಸಾಹೇಬ್ರ, ಎತ್ತು ಅಂತ ಯಾರೂ ಅಂದಿಲ್ಲಂತ ಪ್ರಿನ್ಸಿಪಾಲ್ರು ಅಂದ್ರು. ನನ್ನ ಇಚ್ಛಾಲಿಂದ ಎತ್ತೇನಿ ಅಂತ ಕೋರ್ಟೂ ಅಂತು. ಹಂಗಂದ್ರ, ನಾನs ಕೊಂದೆ ಅಂತ ಈ ಕಾಕಾನ ಮುಂದ ನಾ ಇಷ್ಟು ದಿನ ಅಂದಿದ್ದು ಖರೇನs ಆತಲ್ರಿ?"

ನಾನು ಕೇಸು ಗೆದ್ದ ವಕೀಲ. ಕೈಯಲ್ಲಿದ್ದ ಕಾಗದ ಮಡಚಿ ಕೋಟಿನ ಕಿಸೆಗೆ ಇಟ್ಟುಕೊಂಡೆ. ಹುಸೇನಸಾಬರು ಅವನನ್ನು ಎದೆಗೆ ಒತ್ತಿ ಹಿಡಿದುಕೊಂಡರು. ಮಗ ಸತ್ತ ದಿನವೂ ಅಳಲಿಲ್ಲ ಅಂತ ಊರವರು ಹೇಳುತ್ತಿದ್ದ ಮನುಷ್ಯ, ಕೋರ್ಟಿನ ಅಂಗಳದಲ್ಲಿ ಎಲ್ಲರೆದುರು ಅತ್ತರು.

ಕಾಲೇಜು ಉಳಿಯಿತು. ಉಳಿಯಲೇಬೇಕು, ನನ್ನ ಮಗಳೂ ಮುಂದಿನ ವರ್ಷ ಅಲ್ಲಿಗೇ ಹೋಗುವವಳು. ಕೇಸು ಮುಗಿದಿದೆ. ಇನ್ನು ಆ ಒಂದು ಮಾತಿಗೆ ಯಾರೂ ಪ್ರಮಾಣ ಮಾಡಿಸುವುದಿಲ್ಲ, ಬರೆದುಕೊಳ್ಳುವುದಿಲ್ಲ, ಕೇಳಿಸಿಕೊಳ್ಳುವವನು ಒಬ್ಬನೇ ಇದ್ದಾನೆ.

ಪ್ರಿನ್ಸಿಪಾಲರೇ, ಕನ್ನೊಳ್ಳಿಗೆ ದಿನಾ ಬಸ್ಸಿದೆ. ಯಾವಾಗ ಹೊರಡುತ್ತೀರಿ?